ಊಟದ ಸಾಲಿನ ಬ್ಯಾಟಿಂಗ್

ಒದ್ದೆಯಾದ ತೆಂಗಿನ ನಾರಿಗೆ ಅದರದೇ ಒಂದು ವಾಸನೆ. ಹಳೆಯ ಹಗ್ಗ, ನಿಂತ ನೀರು, ಎಲ್ಲೋ ದೂರದಲ್ಲಿ ಸುಟ್ಟ ಸಿಪ್ಪೆ, ಎಲ್ಲವೂ ಬೆರೆತಂತೆ. ಕಳೆದ ತಿಂಗಳು ಹೊಸೂರಿನಲ್ಲಿ ಕಾಲವಲ್ಲದ ಕಾಲದಲ್ಲಿ ಮಳೆ ಸುರಿದು ನಮ್ಮ ಬಾಗಿಲಿನ ಕಾಲೊರಸು ಪೂರಾ ನೆನೆದುಹೋಗಿತ್ತು. ಬೆಳಿಗ್ಗೆ ಅದನ್ನೆತ್ತಿ ಕಾಂಪೌಂಡ್ ಗೋಡೆಯ ಮೇಲೆ ಹಾಕಲು ಹೋದವಳು ಹಾಗೇ ನಿಂತುಬಿಟ್ಟೆ. ಕೈಯಲ್ಲಿದ್ದದ್ದು ಅಂಗಡಿಯಿಂದ ತಂದ ಅಗ್ಗದ ನಾರಿನ ತುಂಡು. ಕಣ್ಣ ಮುಂದೆ ಬಂದದ್ದು ನನ್ನ ಹುಟ್ಟೂರು ಅಂಚೆಟ್ಟಿಯ ನಮ್ಮ ಹಳೆಯ ಮನೆಯ ಜಗುಲಿ. ಜಗುಲಿಯ ಎಡಗಡೆ, ರಾಗಿ ಮೂಟೆಗಳ ಪಕ್ಕದಲ್ಲಿ, ಗೋಡೆಗೆ ಒತ್ತಿಕೊಂಡು ಒಂದು ಉದ್ದನೆಯ ಸುರುಳಿ ಮಲಗಿರುತ್ತಿತ್ತು. ಅದು ಕ್ರಿಕೆಟ್ ಮ್ಯಾಟು. ಚಿಕ್ಕಪ್ಪ ಅದಕ್ಕೆ ತನ್ನ ಹಳೆಯ ಪಂಚೆ ಸುತ್ತಿ ಹಗ್ಗದಿಂದ ಬಿಗಿದಿದ್ದ. ನಮ್ಮ ಕಡೆ ಹುಲ್ಲಿನ ಮೈದಾನ ಎಲ್ಲಿಂದ ಬರಬೇಕು? ಕಲ್ಲು ಆರಿಸಿ, ನೀರು ಚಿಮುಕಿಸಿ, ಮಣ್ಣಿನ ಮೇಲೆ ಈ ಮ್ಯಾಟು ಹಾಸಿ ಅಂಚಿಗೆ ಮೊಳೆ ಹೊಡೆದರೆ ಅದೇ ಪಿಚ್ಚು. ಗೆದ್ದಲು ಹತ್ತದಿರಲಿ ಎಂದು ಚಿಕ್ಕಪ್ಪ ಅದಕ್ಕೆ ಸೀಮೆಎಣ್ಣೆ ಸವರುತ್ತಿದ್ದ. ಮಳೆಗಾಲದಲ್ಲಿ ನಾರು ತೇವ ಹೀರಿಕೊಂಡಾಗ ಇಡೀ ಮನೆ ಆ ವಾಸನೆಯಲ್ಲೇ ಉಂಡು, ಆ ವಾಸನೆಯಲ್ಲೇ ಮಲಗುತ್ತಿತ್ತು.

ಆ ಮ್ಯಾಟು ನಮ್ಮ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಅಥವಾ, ಹೇಳಿ ಹೇಳಿ ಕೇಳಿದ್ದರಿಂದ ನೆನಪಿದೆ ಎಂದುಕೊಂಡಿದ್ದೇನೆ. ಹೊಸೂರಿನ ಯಾವುದೋ ತಂಡ ಹಾಕಿ ಬಳಸಿ ಬಿಟ್ಟಿದ್ದನ್ನು ಚಿಕ್ಕಪ್ಪ ಕೇಳಿ ತಂದಿದ್ದ. ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಬಸ್ ನಿಲ್ದಾಣದಿಂದ ನಾಲ್ವರು ಹೆಗಲ ಮೇಲೆ ಹೊತ್ತುಕೊಂಡು ಬೀದಿಯಲ್ಲಿ ಬರುತ್ತಿದ್ದರು. ಬಿಳಿ ಬಟ್ಟೆ ಸುತ್ತಿದ ಉದ್ದನೆಯ ವಸ್ತು, ಹೊತ್ತವರು ನಾಲ್ವರು. ಎದುರು ಬಂದವರೆಲ್ಲ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು. ನಮ್ಮ ಅಜ್ಜಿ, ಅಂದರೆ ಅಪ್ಪ ಮತ್ತು ಚಿಕ್ಕಪ್ಪನ ತಾಯಿ, ಬಾಗಿಲಲ್ಲಿ ನಿಂತಿದ್ದಳು. ಮನೆಯವರೆಲ್ಲರಂತೆ ಮಕ್ಕಳಾದ ನಾವೂ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದೆವು.

“ಯಾರ್ಲಾ ಸತ್ತೋರು?” ಅಂದಳು ಅವ್ವ.

“ಯಾರೂ ಸತ್ತಿಲ್ಲ ಕಣವ್ವ. ಮ್ಯಾಟು.”

“ಮತ್ತೆ ಹೆಣ ಹೊತ್ತಂಗೆ ಯಾಕ್ಲಾ ಹೊತ್ಕಂಡ್ ಬತ್ತೀರಾ? ಕಾಲು ಮುಂದ್ ಮಾಡಿ ಮನೆ ಒಳೀಕ್ ತರಬ್ಯಾಡ್ರಿ. ತಲೆ ಮುಂದಾಗಿರ್ಲಿ.”

ಚಿಕ್ಕಪ್ಪ ಭಾರ ಹೊತ್ತುಕೊಂಡೇ, ಬೆವರುತ್ತಲೇ ಕೇಳಿದನಂತೆ: “ಇದುಕ್ಕೆ ತಲೆ ಯಾವ ಕಡೆ ಐತೆ ಅಂತ ನೀನೇ ಹೇಳ್ಬುಡವ್ವ, ಅಂಗೇ ತರ್ತೀವಿ.”

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಾನು ದಿನಚರಿ ಬರೆಯಲು ಶುರು ಮಾಡಿದ್ದು ಮೈಸೂರಿನಲ್ಲಿ ಎಂ.ಎ. ಓದುವಾಗ. ಅದಕ್ಕಿಂತ ಹಿಂದಿನದಕ್ಕೆ ನನ್ನ ಬಳಿ ತಲೆಯೊಂದನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಆ ತಲೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮ್ಯಾಟಿನ ಅಂಚಿಗೆ ಕೆಂಪು ಬಟ್ಟೆ ಹೊಲಿದಿತ್ತು ಎಂದು ನಾನು ಆಣೆ ಮಾಡಬಲ್ಲೆ. ಧರ್ಮಪುರಿಯಲ್ಲಿರುವ ನಮ್ಮಣ್ಣನಿಗೆ ಫೋನ್ ಮಾಡಿ ಕೇಳಿದರೆ ಹಸಿರು ಅನ್ನುತ್ತಾನೆ, ಅವನೂ ಆಣೆ ಮಾಡುತ್ತಾನೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೇವೆ. ಯಾರೆಂದು ಇಬ್ಬರಿಗೂ ಗೊತ್ತಿಲ್ಲ. ಹಾಗಾಗಿ ಮುಂದೆ ಬರೆಯುವುದನ್ನೆಲ್ಲ, ನಿಮ್ಮದೂ ಹೀಗೇ ಕೈಬಿಟ್ಟುಹೋದ ಒಂದು ಮನೆಯಿದ್ದರೆ, ಅದನ್ನು ನೀವು ನೆನೆಸಿಕೊಳ್ಳುವಾಗ ಕೊಟ್ಟುಕೊಳ್ಳುವಷ್ಟು ರಿಯಾಯಿತಿಯನ್ನು ನನಗೂ ಕೊಟ್ಟು ಓದಿಕೊಳ್ಳಿ.

ಚಿಕ್ಕಪ್ಪನ ಹೆಸರು ನಾಗರಾಜ. ಓದಲೆಂದು ಹೊಸೂರಿಗೆ ಹೋದವನು ಪ್ಲಸ್ ಟು ದಾಟಲಾಗದೆ, ಅದರ ಬದಲಿಗೆ ಕ್ರಿಕೆಟ್ಟನ್ನು ಕಲಿತುಕೊಂಡು ಊರಿಗೆ ಬಂದ. ರಾಗಿ, ಹುರುಳಿ, ಅವರೆ ಹಾಕಿಕೊಂಡು ಹೊಲ ನೋಡಿಕೊಳ್ಳುತ್ತಿದ್ದ. ಸಂಕ್ರಾಂತಿ ಕಳೆದು ರಾಗಿ ಕಣದ ಕೆಲಸ ಮುಗಿದ ಮೇಲೆ ಹೊಸೂರಿನಲ್ಲಿ ಪ್ರತಿ ವರ್ಷ ಒಂದು ಪಂದ್ಯಾವಳಿ ನಡೆಯುತ್ತಿತ್ತು. ಪೇಟೆಯ ತಂಡಗಳು, ಕಾರ್ಖಾನೆಗಳ ತಂಡಗಳು, ದೊಡ್ಡ ಊರುಗಳ ತಂಡಗಳು ಬರುತ್ತಿದ್ದವು. ಅಂಚೆಟ್ಟಿಯಿಂದಲೂ ಒಂದು ತಂಡ ಹೋಗಬೇಕೆಂಬುದು ಚಿಕ್ಕಪ್ಪನ ಆಸೆ. ಆದರೆ ಬ್ಯಾಟು ಹಿಡಿಯಬಲ್ಲವರು ಊರಲ್ಲಿ ನಾಲ್ವರೇ. ಜವಳಗಿರಿಯಲ್ಲಿ ಇನ್ನೂ ನಾಲ್ವರು ಸಿಕ್ಕರು. ನಾಟ್ರಾಂಪಾಳ್ಯದಲ್ಲಿ ಮೂವರು. ಯಾವ ಊರಿಗೂ ತನ್ನಷ್ಟಕ್ಕೆ ಹನ್ನೊಂದು ಮಂದಿ ಹುಟ್ಟುವಂತಿರಲಿಲ್ಲ. ಕೂಡಿಸಿದರೆ ಸರಿಯಾಗಿ ಹನ್ನೊಂದು, ಒಬ್ಬನಿಗೆ ಜ್ವರ ಬಂದರೆ ಹತ್ತು. ಈ ಜಂಟಿ ತಂಡಕ್ಕೆ ಹೊಸೂರಿನ ಪಂದ್ಯಾವಳಿಯವರು ‘ಕಂಬೈನ್ಡ್’ ಎಂದು ಬರೆದುಕೊಂಡರು. ನಮ್ಮವರ ಬಾಯಲ್ಲಿ ಅದು ‘ಕಂಬೈನು’ ಆಯಿತು. ತಮಿಳಿನಲ್ಲಿ ಮೈಕು ಹಿಡಿದು ಹೇಳುವವನು ‘ಕೂಟ್ಟು ಅಣಿ’ ಅನ್ನುತ್ತಿದ್ದ. ತರಕಾರಿ ಕೂಟಿಗೂ ಅದೇ ಮಾತಾದ್ದರಿಂದ ಪೇಟೆಯ ಹುಡುಗರು “ಕೂಟು ಬಂತು, ಅನ್ನ ಹಾಕ್ರಪ್ಪಾ” ಎಂದು ಕೂಗುತ್ತಿದ್ದರು.

ಮೊದಲ ವರ್ಷ ಆ ಕೂಗಿಗೆ ತಕ್ಕಂತೆಯೇ ಆಯಿತು. ಬೆಳಿಗ್ಗೆ ಮೂರೂರಿನವರು ಬೇರೆ ಬೇರೆ ಬಸ್ಸಿನಲ್ಲಿ ಬಂದು ಮೈದಾನದಲ್ಲಿ ಸೇರಿದರು. ಇನ್ನೆರಡು ಊರಿನವರಿಗೆ ಹಸಿವಾದೀತು, ನಮ್ಮೂರಿಗೆ ಕೆಟ್ಟ ಹೆಸರು ಬರಬಾರದು ಎಂದು ಪ್ರತಿ ಊರಿನ ಹೆಂಗಸರೂ ಹನ್ನೊಂದು ಮಂದಿಗೆ ಆಗುವಷ್ಟು ಹುಳಿಯನ್ನ ಕಟ್ಟಿ ಕಳಿಸಿದ್ದರು. ಬ್ಯಾಟು, ಪ್ಯಾಡು, ವಿಕೆಟ್ಟುಗಳನ್ನು ಇನ್ನೊಂದು ಊರಿನವರು ತರುತ್ತಾರೆ ಎಂದು ಪ್ರತಿ ಊರಿನವರೂ ಅಂದುಕೊಂಡಿದ್ದರು. ಮೂರು ಪಾತ್ರೆ ಹುಳಿಯನ್ನ, ಒಂದೂ ಬ್ಯಾಟಿಲ್ಲ. ಕೊನೆಗೆ ಎದುರಾಳಿಗಳ ಬ್ಯಾಟು ಇಸಕೊಂಡು ಆಡಿ, ಸೋತು, ಆ ಎದುರಾಳಿಗಳನ್ನೇ ಕೂರಿಸಿಕೊಂಡು ಹುಳಿಯನ್ನ ತಿಂದು ಬಂದರು. “ಸೋತ್ರೂ ಪರವಾಗಿಲ್ಲ, ಪಾತ್ರೆ ಖಾಲಿ ಬಂತಲ್ಲ” ಎಂದಳಂತೆ ಅವ್ವ.

ಎರಡನೆಯ ವರ್ಷದಿಂದ ಚಿಕ್ಕಪ್ಪ ಎಲ್ಲರನ್ನೂ ಪಂದ್ಯದ ಹಿಂದಿನ ದಿನವೇ ನಮ್ಮ ಮನೆಗೆ ಬರಲು ಹೇಳಿದ. ನಾಟ್ರಾಂಪಾಳ್ಯದವರು ಬಸ್ಸು ತಪ್ಪಿದರೆ ಕಾಡಿನ ದಾರಿಯಲ್ಲಿ ನಡೆದೇ ಬರುತ್ತಿದ್ದರು. ಜವಳಗಿರಿಯವರು ಡೆಂಕಣಿಕೋಟೆಗೆ ಬಂದು ಅಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಸಂಜೆ ಹಳ್ಳದ ದಡದ ಬಯಲಿನಲ್ಲಿ ಮ್ಯಾಟು ಹಾಸಿ ಆಟ. ರನ್ನಿಗೆ ಓಡುವಾಗ ಅಂಚೆಟ್ಟಿಯವನು ‘ಬಾ’ ಅನ್ನುತ್ತಿದ್ದ, ಜವಳಗಿರಿಯವನು ತೆಲುಗಿನಲ್ಲಿ ‘ರಾ’ ಅನ್ನುತ್ತಿದ್ದ, ತಮಿಳು ಶಾಲೆಯಲ್ಲಿ ಕಲಿತವನು ‘ವಾ’ ಅನ್ನುತ್ತಿದ್ದ. ಎಲ್ಲದಕ್ಕೂ ಎಲ್ಲರೂ ಓಡುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಮನೆಯ ಒಳಂಗಳವಾದ ಹಟ್ಟಿಯಲ್ಲಿ ಕೂತರೆ ಅವ್ವ ಅವರ ಮುಂದೆ ನೆನೆಹಾಕಿದ ಅವರೆಕಾಳಿನ ಬೋಗುಣಿ ಇಡುತ್ತಿದ್ದಳು. “ನಾಳಿಕೆ ಚೆಂಡು ಹಿಡಿಯೋ ಕೈಗಳು ಇವತ್ತು ಒಂದೀಟು ಬ್ಯಾಳೆ ಹಿಸುಕ್ರಲಾ.” ಹನ್ನೊಂದು ಮಂದಿ ಗಂಡಸರು ಸುತ್ತ ಕೂತು ಕಾಳು ಹಿಸುಕಿ ಸಿಪ್ಪೆಯಿಂದ ಬೇಳೆ ಚಿಮ್ಮಿಸುವುದು, ಒಬ್ಬನ ಬೇಳೆ ಇನ್ನೊಬ್ಬನ ಕಣ್ಣಿಗೆ ಹಾರುವುದು, ಬೈಗುಳ, ನಗು. ಆ ಅವರೆಯ ಸೊಗಡು ಈಗಲೂ ಚಳಿಗಾಲದಲ್ಲಿ ಹೊಸೂರಿನ ಸಂತೆಯಲ್ಲಿ ಸಿಗುತ್ತದೆ. ಅದರ ಜೊತೆ ಬರಬೇಕಾದ ಸದ್ದು ಮಾತ್ರ ಸಿಗುವುದಿಲ್ಲ.

ಜಗಳ ಶುರುವಾದದ್ದು ಬ್ಯಾಟಿಂಗಿಗೆ ಯಾರು ಮೊದಲು ಹೋಗಬೇಕೆಂಬುದರ ಮೇಲೆ. ನಿಮ್ಮೂರಿನವರೇ ಮೇಲೆ, ನಮ್ಮೂರಿನವರು ಯಾವಾಗಲೂ ಕೆಳಗೆ ಎಂದು ನಾಟ್ರಾಂಪಾಳ್ಯದವರು ಮುನಿಸಿಕೊಂಡು, ಒಂದು ಸಂಜೆ ಉಣ್ಣದೆ ಎದ್ದುಹೋಗಲು ನೋಡಿದರು. ಊಟದ ಸಾಲಿನಲ್ಲಿ ಇಂಥ ತಕರಾರು ಬರದಿರಲೆಂದು ಅವ್ವ ಮೊದಲೇ ಒಂದು ಉಪಾಯ ಮಾಡಿಕೊಂಡಿದ್ದಳು. ಅಂಚೆಟ್ಟಿಯವನೊಬ್ಬ, ಅವನ ಪಕ್ಕ ಜವಳಗಿರಿಯವನೊಬ್ಬ, ಅವನ ಪಕ್ಕ ನಾಟ್ರಾಂಪಾಳ್ಯದವನೊಬ್ಬ, ಮತ್ತೆ ಅಂಚೆಟ್ಟಿ. ಹೀಗೆ ಕೂರಿಸಿ ಮುದ್ದೆ ಬಡಿಸಿಕೊಂಡು ಹೋಗುತ್ತಿದ್ದಳು. ಒಂದೊಂದು ಸಲ ಒಂದೊಂದು ಊರಿನಿಂದ ಶುರು, ಪಕ್ಕಪಕ್ಕ ಒಂದೇ ಊರಿನವರು ಬೀಳದಿದ್ದರೆ ಆಯಿತು. ಯಾವ ಊರಿಗೂ ಮೊದಲು, ಯಾವ ಊರಿಗೂ ಕೊನೆ ಎಂಬುದಿಲ್ಲ. ಆ ಸಂಜೆ ಚಿಕ್ಕಪ್ಪ ಸಾಲನ್ನೇ ನೋಡುತ್ತಾ ನಿಂತು, “ನಾಳಿಕೆ ಇಂಗೇ ಬ್ಯಾಟಿಂಗು. ಕುಂತಂಗೆ ಹೋಗೋದು” ಅಂದ. ಎಲ್ಲರೂ ಒಪ್ಪಿದರು. ಅಲ್ಲಿಂದಾಚೆಗೆ ಅದೇ ಕಟ್ಟಳೆ. ಹಿಂದಿನ ಸಂಜೆ ಊಟಕ್ಕೆ ಕೂತ ಸಾಲೇ ಮಾರನೆಯ ದಿನದ ಬ್ಯಾಟಿಂಗ್ ಸಾಲು. ಪ್ರಪಂಚದ ಬೇರೆ ಯಾವ ಕ್ರಿಕೆಟ್ ತಂಡವೂ ಹೀಗೆ ಆಡಿರಲಾರದು. ಮೂರೂರಿನ, ನಾನಾ ಜಾತಿಯ ಹುಡುಗರು ನಮ್ಮ ಹಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಕೂತು ಉಂಡ ಚಿತ್ರ ನನ್ನೊಳಗೆ ಬೆಳ್ಳಗೆ ನಿಂತಿದೆ. ಮೊದಮೊದಲು ಕೆಲವರು ಜಗುಲಿಯ ಮೇಲೆ ಬೇರೆ ಕೂತು ಉಣ್ಣುತ್ತಿದ್ದರು, ಚಿಕ್ಕಪ್ಪ ಒಂದು ದಿನ ತಾನೂ ಹೋಗಿ ಅವರ ಜೊತೆ ಕೂತ ಮೇಲೆ ಅವ್ವ ಎಲ್ಲರನ್ನೂ ಒಳಗೆ ಕರೆದಳು ಎಂದು ಅಣ್ಣ ಹೇಳುತ್ತಾನೆ. ನನಗೆ ಅದು ನೆನಪಿಲ್ಲ. ಅಣ್ಣ ಹೇಳುವುದೇ ನಿಜವಿರಬೇಕು. ನೆನಪು ತನಗೆ ಬೇಕಾದ್ದನ್ನು ಮಾತ್ರ ಒಳಗೆ ಕರೆದು ಕೂರಿಸಿಕೊಳ್ಳುತ್ತದೆ.

ಈ ಕಟ್ಟಳೆಯಿಂದ ಗೆಲುವು ಹೆಚ್ಚಿತು ಎಂದು ಹೇಳಲಾರೆ. ಜವಳಗಿರಿಯ ವೆಂಕಟೇಶ ನಮ್ಮಲ್ಲಿ ಎಲ್ಲರಿಗಿಂತ ಒಳ್ಳೆಯ ಬ್ಯಾಟುಗಾರ. ಉದ್ದನೆಯ ಕೈಯವನು, ಮಾತು ಕಡಿಮೆ, ಹೊಡೆದರೆ ಚೆಂಡು ಹುಡುಕಲು ಇಬ್ಬರು ಹೋಗಬೇಕಿತ್ತು. ನಾಟ್ರಾಂಪಾಳ್ಯದ ಮಾದೇವ ಅವನಿಗೆ ತದ್ವಿರುದ್ಧ. ಚೆಂಡು ಎಸೆಯುವುದರಲ್ಲಿ ಗಟ್ಟಿಗ, ಬ್ಯಾಟು ಹಿಡಿದರೆ ಸೌದೆ ಸೀಳುವವನಂತೆ ನಿಲ್ಲುತ್ತಿದ್ದ. “ಮಾದಣ್ಣ, ಚೆಂಡು ಬಂದ್ಮೇಲೆ ಬೀಸು, ಹೋದ್ಮೇಲಲ್ಲ” ಎಂದು ಎಲ್ಲರೂ ಛೇಡಿಸಿದರೆ, “ಬರೋದು ಕಂಡ್ರಲ್ವಾ ಬೀಸೋದು” ಅನ್ನುತ್ತಿದ್ದ. ಸಾಲಿನಲ್ಲಿ ಕೂತ ಹಾಗೆ ಒಮ್ಮೊಮ್ಮೆ ಮಾದೇವ ಎರಡನೆಯವನಾಗಿ ಹೋಗಿ ಮೊದಲ ಚೆಂಡಿಗೇ ಔಟಾಗುತ್ತಿದ್ದ, ವೆಂಕಟೇಶ ಹತ್ತನೆಯವನಾಗಿ ಉಳಿಯುತ್ತಿದ್ದ. ಒಂದು ವರ್ಷ ಮಾತ್ರ ಸಾಲು ತಾನಾಗಿಯೇ ಚೆನ್ನಾಗಿ ಕೂತು ಸೆಮಿಫೈನಲ್ ತನಕ ಹೋದರು. ಮಿಕ್ಕ ವರ್ಷಗಳಲ್ಲಿ ಒಂದೋ ಎರಡೋ ಪಂದ್ಯ ಆಡಿ ಬರುತ್ತಿದ್ದರು. ಆದರೂ ಮುಂದಿನ ವರ್ಷ ಹನ್ನೊಂದೂ ಮಂದಿ ಅದೇ ಹಟ್ಟಿಯಲ್ಲಿ ಹಾಜರು.

ನಾನು ಆರನೆಯ ತರಗತಿಯಲ್ಲಿದ್ದಿರಬೇಕು, ಪಂದ್ಯಾವಳಿ ನಡೆಸುವವರು ಹೊಸ ನಿಯಮ ತಂದರು. ತಂಡಗಳು ಹೆಚ್ಚಾಗಿವೆ, ಮುಂದಿನ ವರ್ಷದಿಂದ ಒಂದು ಊರಿಗೆ ಒಂದು ತಂಡ, ಜಂಟಿ ತಂಡಗಳಿಗೆ ಜಾಗವಿಲ್ಲ. ಚಿಕ್ಕಪ್ಪ ಹೊಸೂರಿಗೆ ಹೋಗಿ ಕೈಮುಗಿದು ಕೇಳಿಕೊಂಡ. ಅಲ್ಲಿನ ಕಾರ್ಯದರ್ಶಿ ಕೆಟ್ಟವನೇನಲ್ಲ. “ಈ ವರ್ಷ ಮೊದಲ ಪಂದ್ಯ ಗೆದ್ದು ತೋರ್ಸಿ ತಂಬಿ, ಕಮಿಟಿಯಲ್ಲಿ ನಾನು ಮಾತಾಡ್ತೀನಿ. ಸೋತ್ರೆ ನನ್ನ ಕೈಲಿ ಏನೂ ಇಲ್ಲ” ಎಂದು ಹೇಳಿ ಕಳಿಸಿದ. ಚಿಕ್ಕಪ್ಪ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಇದನ್ನು ಹೇಳಿದ್ದು ನನಗೆ ಗೊತ್ತು. ಒಂದೊಂದೇ ಊರು ಅಂದರೆ ನಾಲ್ವರು, ನಾಲ್ವರು, ಮೂವರು. ಸೋತರೆ ಮೂರೂರಿಗೂ ಆಟವೇ ಮುಗಿಯಿತು. “ಅವರ್ನ ವರ್ಸಕ್ಕೊಂದ್ಸಲ ಈ ಮನೇಗ್ ಕರೆಯೋಕೆ ಇನ್ನೇನು ನೆಪ ಐತೆ ಹೇಳತ್ಗೆ?” ಅಂದ. ಅವನಿಗೆ ಆಟಕ್ಕಿಂತ ಆ ಸಂಜೆ ಮುಖ್ಯವಾಗಿತ್ತೆಂದು ನನಗೆ ಈಗ ಅನಿಸುತ್ತದೆ. ಆಗ ಹಾಗನಿಸಿತ್ತೋ ಇಲ್ಲವೋ ತಿಳಿಯದು.

ಪಂದ್ಯದ ಹಿಂದಿನ ಸಂಜೆ ಎಲ್ಲರೂ ಬಂದರು, ವೆಂಕಟೇಶ ಒಬ್ಬ ಬರಲಿಲ್ಲ. ಜೊತೆಯ ಮೂವರು ಮಧ್ಯಾಹ್ನದ ಬಸ್ಸಿಗೇ ಬಂದಿದ್ದರು; ಅವನು ಹಸು ಕಟ್ಟಿ ಸಂಜೆ ಬಸ್ಸಿಗೆ ಹೊರಟಿದ್ದ. ಜವಳಗಿರಿಯ ದಾರಿಯಲ್ಲಿ ಆನೆಗಳು ಮರಿಗಳ ಸಮೇತ ರಸ್ತೆಯಲ್ಲೇ ನಿಂತಿದ್ದರಿಂದ ಬಸ್ಸು ಬಹಳ ಹೊತ್ತು ಅಲ್ಲೇ ಉಳಿಯಿತಂತೆ. ಅವನು ನಮ್ಮ ಹಟ್ಟಿಗೆ ಕಾಲಿಡುವ ಹೊತ್ತಿಗೆ ಎಲ್ಲರ ತಟ್ಟೆಗೂ ಮುದ್ದೆ ಬಿದ್ದು, ಬೇಳೆ ಸಾರಿನ ಮೊದಲ ಸುತ್ತು ಮುಗಿದಿತ್ತು. ಸಾಲಿನ ತುದಿಯಲ್ಲಿ ಕೂತಿದ್ದವನು ಮಾದೇವ. ವೆಂಕಟೇಶ ಕೈಕಾಲು ತೊಳೆದು ಬಂದು ಮಾದೇವನ ಆಚೆ, ಎಲ್ಲರಿಗಿಂತ ಕೊನೆಗೆ ಕೂತ. ಅದರ ಅರ್ಥ ಎಲ್ಲರಿಗೂ ಹೊಳೆದಿತ್ತು. ನಾಳೆ ಗೆಲ್ಲಲೇಬೇಕಾದ ಪಂದ್ಯದಲ್ಲಿ ವೆಂಕಟೇಶ ಕೊನೆಯವನು.

“ಆನೇನೂ ಅವರ್ ಕಡೇನೇ ಆಡ್ತಾವೆ ಕಣ್ಲಾ” ಅಂದ ಯಾರೋ. ಎಲ್ಲರೂ ನಕ್ಕರು, ಚಿಕ್ಕಪ್ಪನೊಬ್ಬ ನಗಲಿಲ್ಲ.

ಮಾರನೆಯ ದಿನ ನಾವೂ ಹೋದೆವು. ಅವ್ವನನ್ನು ಹೊಸೂರಿನಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು, ಅದಕ್ಕೆ ಅಮ್ಮ, ಅಣ್ಣ, ನಾನು. ಬೆಳಿಗ್ಗೆ ಆಸ್ಪತ್ರೆ ಮುಗಿಸಿ ಮಧ್ಯಾಹ್ನಕ್ಕೆ ಮೈದಾನ ಸೇರಿದೆವು. ಎದುರಾಳಿ ಒಂದು ಕಾರ್ಖಾನೆಯ ತಂಡ. ಎಲ್ಲರಿಗೂ ಒಂದೇ ಥರದ ಬಿಳಿ ಪ್ಯಾಂಟು, ಬಿಳಿ ಬೂಟು. ನಮ್ಮವರಲ್ಲಿ ಕೆಲವರಿಗೆ ಪ್ಯಾಂಟು ಬಿಳಿ, ಕೆಲವರಿಗೆ ಅಂಗಿ ಬಿಳಿ. ಅವ್ವ ಬೇವಿನ ಮರದ ಕೆಳಗೆ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕೂತಳು. ಒಂದು ಕಣ್ಣಿಗೆ ಮಾತ್ರ.

“ಆ ಬೆಳ್ಳಗವ್ರೆಲ್ಲ ಯಾರೇ?”

“ಅವರು ಎದುರಾಳಿಗಳು ಅವ್ವ.”

“ಮತ್ತೆ ನಮ್ಮೋರು ಯಾಕೆ ಮರದಡೀಲಿ ಕುಂತವ್ರೆ, ಅವರೊಬ್ರೇ ಆಡ್ತಾವ್ರೆ?”

“ನಮ್ಮೋರು ಈಗ ಬ್ಯಾಟಿಂಗ್ ಅವ್ವ. ಇಬ್ಬಿಬ್ರೇ ಹೋಗೋದು.”

“ಇಬ್ರು ಮ್ಯಾಲೆ ಹನ್ನೊಂದು ಜನ ಬೀಳ್ತಾರಾ? ಇದೆಂಗೆ ನ್ಯಾಯ?”



ನಮ್ಮವರು ನಿಧಾನವಾಗಿ ಗೆಲುವಿನ ಹತ್ತಿರ ಹತ್ತಿರ ಬಂದರು. ಚಿಕ್ಕಪ್ಪ ಒಂದು ತುದಿ ಹಿಡಿದು ನಿಂತ. ಕೊನೆಯ ಓವರ್ ಬಂದಾಗ ಗೆಲ್ಲಲು ಎಂಟು ರನ್ ಬೇಕಿತ್ತು, ಕೈಯಲ್ಲಿ ಮೂರು ವಿಕೆಟ್. ಮೊದಲ ಚೆಂಡಿಗೇ ಚಿಕ್ಕಪ್ಪ ಔಟಾದ. ಇನ್ನು ಐದು ಚೆಂಡು, ಎಂಟು ರನ್. ಸಾಲಿನಂತೆ ಈಗ ಹೋಗಬೇಕಾದವನು ಮಾದೇವ, ಅವನ ಹಿಂದೆ ವೆಂಕಟೇಶ. ಇಬ್ಬರೂ ಪ್ಯಾಡು ಕಟ್ಟಿಕೊಂಡು ಮರದಡಿ ನಿಂತಿದ್ದರು. ಇಷ್ಟು ನಿಖರವಾಗಿ ನೆನಪಿರುವುದು ನನಗೇ ಅನುಮಾನ ಹುಟ್ಟಿಸುತ್ತದೆ. ಆದರೆ ಈ ಐದು ಚೆಂಡುಗಳನ್ನು ಚಿಕ್ಕಪ್ಪ ತನ್ನ ಜೀವನವಿಡೀ ಎಷ್ಟು ಸಲ ಹೇಳಿದನೆಂದರೆ, ಇದು ನನ್ನ ನೆನಪೋ ಅವನ ನೆನಪೋ ಎಂದು ಬಿಡಿಸಲಾಗದು.

“ನಾಗಣ್ಣ, ಇವತ್ತೊಂದಿನ ವೆಂಕಟೇಶನ್ನ ಕಳ್ಸಿಬುಡು” ಎಂದ ನಮ್ಮೂರಿನವನೊಬ್ಬ. ಮಾದೇವ ಆಗಲೇ ಬಗ್ಗಿ ಪ್ಯಾಡು ಬಿಚ್ಚುತ್ತಿದ್ದ. “ಅವನೇ ಹೋಗ್ಲಿ ಕಣಣ್ಣ. ನಾನು ಹೋದ್ರೆ ಮುಗೀತು. ಸಾಲು ಗೀಲು ಎಲ್ಲ ಮನೇಲಿ ಇಟ್ಕಳ್ಳಣ, ಇದು ಉಳೀಬೇಕಲ್ಲ.” ಚಿಕ್ಕಪ್ಪ ಬೆವರು ಒರೆಸಿಕೊಳ್ಳುತ್ತಿದ್ದ. ಅಂಪೈರು ಬೇಗ ಬನ್ನಿ ಎಂದು ಕೈಬೀಸುತ್ತಿದ್ದ. ಆಗ ವೆಂಕಟೇಶ ತನ್ನ ಬ್ಯಾಟನ್ನು ಮರಕ್ಕೆ ಒರಗಿಸಿ ನೆಲದ ಮೇಲೆ ಕೂತುಬಿಟ್ಟ. “ನಾನ್ ಕುಂತಿದ್ದು ಕೊನೇಲಿ. ಇವತ್ತು ಮಾದಣ್ಣನ್ನ ದಾಟಿ ಹೋದ್ರೆ ನಾಳಿಕೆ ನಾಟ್ರಾಂಪಾಳ್ಯದೋರ ಮುಂದೆ ಯಾವ ಮುಖ ಇಟ್ಕಂಡು ಉಣ್ಣಲಿ?” ಅಂದ. ಅಷ್ಟು ಉದ್ದದ ಮಾತು ಅವನ ಬಾಯಿಂದ ನಾವು ಅಲ್ಲಿಯವರೆಗೆ ಕೇಳಿರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಅವ್ವ, “ಬಡಿಸೋಕ್ ಶುರು ಮಾಡಿದ್ ಮ್ಯಾಲೆ ತಟ್ಟೆ ಎತ್ತಿ ಅತ್ತಾಗ್ ಇತ್ತಾಗ್ ಇಡ್ತಾರೇನ್ಲಾ?” ಅಂದಳು ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಮಾತು. ಆ ಹೊತ್ತಿಗೆ ಅವ್ವ ಮರಕ್ಕೊರಗಿ ನಿದ್ದೆ ಹೋಗಿದ್ದಳು ಎಂದು ಅಣ್ಣ ಹೇಳುತ್ತಾನೆ. ಅವಳು ಅಂದಿದ್ದರೂ ಅನ್ನದಿದ್ದರೂ, ಚಿಕ್ಕಪ್ಪ ಬಗ್ಗಿ ಮಾದೇವನ ಪ್ಯಾಡಿನ ಪಟ್ಟಿಯನ್ನು ತಾನೇ ಮತ್ತೆ ಬಿಗಿದ. “ಹೋಗ್ಲಾ. ಕಣ್ಣು ಮುಚ್ಕಂಡಾದ್ರೂ ಬೀಸು.”

ಮೊದಲ ಚೆಂಡು ಮಾದೇವನಿಗೆ ಕಾಣಲೇ ಇಲ್ಲ. ಎರಡನೆಯದಕ್ಕೆ ಸೌದೆ ಸೀಳಿದಂತೆ ಬೀಸಿದ. ಚೆಂಡು ಬೌಲರನ ತಲೆಯ ಮೇಲೆ ಹಾರಿ ಗೆರೆ ದಾಟಿತು. ನಮ್ಮ ಕಡೆಯ ಕೂಗಿಗೆ ಅವ್ವ ಎಚ್ಚೆತ್ತಳು, ನಿದ್ದೆ ಹೋಗಿದ್ದದ್ದೇ ನಿಜವಾದರೆ. ಮೂರನೆಯದು ಮತ್ತೆ ಹೋಯಿತು. ನಾಲ್ಕನೆಯದಕ್ಕೆ ವಿಕೆಟ್ ಬಿತ್ತು. ಇನ್ನು ಒಂದೇ ಚೆಂಡು, ನಾಲ್ಕು ರನ್. ವೆಂಕಟೇಶ ಹೋದ. ದಾರಿಯಲ್ಲಿ ಎದುರಾದ ಮಾದೇವನ ಬೆನ್ನು ತಟ್ಟಿದ್ದನ್ನು ನಾನು ಕಂಡೆ. ಅವನು ಹೊಡೆದ ಚೆಂಡು ಬೇವಿನ ಮರದ ಕಡೆಗೇ, ನಮ್ಮ ಕಡೆಗೇ ಉರುಳಿ ಬಂತು. ಕಾರ್ಖಾನೆಯ ಹುಡುಗನೊಬ್ಬ ಬಿಳಿ ಪ್ಯಾಂಟು ಮಣ್ಣಾದರೂ ಲೆಕ್ಕಿಸದೆ ಗೆರೆಯ ಹತ್ತಿರ ಬಿದ್ದು ತಡೆದ. ಎರಡು ರನ್ ಓಡಿ, ಮೂರನೆಯದಕ್ಕೆ ‘ರಾ, ರಾ’ ಎಂದು ಕೂಗುತ್ತಾ ಓಡಿದ ವೆಂಕಟೇಶ ಔಟಾದ. ಒಂದು ರನ್ನಿನಿಂದ ಸೋತೆವು.

ಸಂಜೆ ಡೆಂಕಣಿಕೋಟೆಯ ಬಸ್ ನಿಲ್ದಾಣದಲ್ಲಿ ಜವಳಗಿರಿಯವರು ಇಳಿದುಕೊಂಡರು. ಪ್ರತಿ ವರ್ಷ ಅಲ್ಲಿ ಟೀ ಕುಡಿದು, ಮುಂದಿನ ವರ್ಷ ಯಾರು ಹೊಸ ಪ್ಯಾಡು ತರಬೇಕು, ಯಾರ ಬೌಲಿಂಗು ಕೆಟ್ಟಿತು ಎಂದು ಜಗಳವಾಡಿ ಬಸ್ಸು ತಪ್ಪಿಸಿಕೊಳ್ಳುವುದು ಅವರ ವಾಡಿಕೆಯಂತೆ. ಅವತ್ತು ಟೀ ಕುಡಿದರು. ಯಾರೂ ಮುಂದಿನ ವರ್ಷದ ಮಾತೆತ್ತಲಿಲ್ಲ. ವೆಂಕಟೇಶ “ಬತ್ತೀನಿ ನಾಗಣ್ಣ” ಎಂದಷ್ಟೇ ಹೇಳಿ ಬಸ್ಸು ಹತ್ತಿದ. ಚಿಕ್ಕಪ್ಪ ಆ ಬಸ್ಸು ಹೊರಡುವ ತನಕ ಅದರ ಪಕ್ಕದಲ್ಲೇ ನಿಂತಿದ್ದ, ಆಮೇಲೂ ಸ್ವಲ್ಪ ಹೊತ್ತು ನಿಂತಿದ್ದ. ಯಾರ ಮೇಲೂ ಯಾರಿಗೂ ಸಿಟ್ಟಿರಲಿಲ್ಲ. ಸಿಟ್ಟಿದ್ದರಾದರೂ ಮತ್ತೆ ಸೇರಲು ಒಂದು ಕಾರಣ ಇರುತ್ತಿತ್ತೇನೋ.

ಕಂಬೈನಿನ ಚರಿತ್ರೆ ಅಲ್ಲಿಗೆ ಮುಗಿಯಿತು. ಕಮಿಟಿಯವರು ಹೇಳಿದಂತೆ ಮಾಡಿದರು. ಒಂದೆರಡು ವರ್ಷ ಅವರೆಯ ಕಾಲಕ್ಕೆ ಯಾರಾದರೊಬ್ಬರು ಮನೆಗೆ ಬಂದು ಹೋದರು. ಹನ್ನೊಂದು ಮಂದಿ ಒ‌ಟ್ಟಾಗಿ ಮತ್ತೆ ಬರಲಿಲ್ಲ. ಅವ್ವ ಹೋದಳು. ಪಾಲಾಗುವಾಗ ಮನೆ ಕೆಡವಿದರು. ಆ ಜಾಗದಲ್ಲಿ ಈಗ ಸಾಲಾಗಿ ಅಂಗಡಿಗಳಿವೆ. ಹಟ್ಟಿಯಿದ್ದ ಕಡೆ ಮೊಬೈಲ್ ರಿಪೇರಿ ಮಾಡುವವನು ಕೂರುತ್ತಾನೆ. ಚಿಕ್ಕಪ್ಪ ಮದುವೆಯಾಗಿ ಡೆಂಕಣಿಕೋಟೆಗೆ ಹೋಗಿ ನೆಲೆಸಿದ, ಚೆನ್ನಾಗಿಯೇ ಬಾಳಿದ, ಮೂರು ವರ್ಷದ ಹಿಂದೆ ತೀರಿಕೊಂಡ. ವೆಂಕಟೇಶನನ್ನು ಕಳಿಸಬೇಕಿತ್ತೇ ಎಂದು ನಾನೊಮ್ಮೆ ಅವನನ್ನು ಕೇಳಿದ್ದೆ. “ಕಳಿಸಿದ್ರೆ ತಂಡ ಉಳೀತಿತ್ತು. ಕಂಬೈನು ಉಳೀತಿತ್ತೋ ಇಲ್ವೋ” ಅಂದ. ಮಾರನೆಯ ದಿನ ತಾನಾಗಿಯೇ ಫೋನ್ ಮಾಡಿ, “ಕಳಿಸ್ಬೇಕಿತ್ತೇನೋ ಮಗಾ” ಅಂದ.

ಈ ಬೇಸಿಗೆಯಲ್ಲಿ ನೆಂಟರ ಗೃಹಪ್ರವೇಶಕ್ಕೆಂದು ಅಂಚೆಟ್ಟಿಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ನಾಟ್ರಾಂಪಾಳ್ಯದ ಬಸ್ಸಿಗೆ ಕಾಯುತ್ತಿದ್ದ ಮುದುಕನೊಬ್ಬ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದ. “ನಾಗಣ್ಣನ ಅಣ್ಣನ ಮಗಳಲ್ವಾ?” ಅಂದ ಮೇಲೆ ಗೊತ್ತಾಯಿತು, ಮಾದೇವ. ಜೊತೆಗೆ ಎಂಟೊಂಬತ್ತು ವರ್ಷದ ಮೊಮ್ಮಗಳು. ಚಿಕ್ಕಪ್ಪ ಹೋದದ್ದು ಅವನಿಗೆ ಗೊತ್ತಿತ್ತು. ಆಗ ಕಾಲು ಮುರಿದು ಮಲಗಿದ್ದೆ, ಬರೋಕಾಗಲಿಲ್ಲ ಎಂದು ಕಣ್ಣೊರೆಸಿಕೊಂಡ. ಆಮೇಲೆ ಮೊಮ್ಮಗಳ ಕಡೆ ತಿರುಗಿ, “ನಾನು ಹೇಳ್ತಿರ್ಲಿಲ್ವಾ ಕಣಮ್ಮಿ, ಹೊಸೂರಲ್ಲಿ ಮ್ಯಾಚು ಆಡಿದ್ದು? ಇವ್ರ ಚಿಕ್ಕಪ್ಪನೇ ನಮ್ಮ ಕ್ಯಾಪ್ಟನ್ನು” ಅಂದ.

“ಕೊನೆ ಓವರಲ್ಲಿ ನೀನು ಫೋರ್ ಹೊಡ್ದಿದ್ದಾ ತಾತಾ?”

“ಊಂ, ಅದೇಯಾ. ಬೌಲರ್ ತಲೆ ಮ್ಯಾಲೆ. ಆಮೇಲೆ ವೆಂಕಟೇಶ ಒಂದು ಬಿಟ್ಟ ನೋಡು, ಒಂದೇ ವಿಕೆಟ್ಟಲ್ಲಿ ಗೆದ್ಬುಟ್ವಿ.” ಇಷ್ಟು ಹೇಳಿ ನನ್ನ ಕಡೆ ನೋಡಿದ. ಅವನ ಕಣ್ಣು ಮಂಜಾಗಿರಲಿಲ್ಲ. ಅವನಿಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದೂ ಗೊತ್ತಿತ್ತು. “ಅಲ್ವಾ ಸರೋಜಮ್ಮ?”

ಮ್ಯಾಟಿನ ಅಂಚಿನ ಬಣ್ಣಕ್ಕಾಗಿ ಧರ್ಮಪುರಿಗೆ ಫೋನ್ ಮಾಡುವವಳು ನಾನು. “ಹೌದು” ಅಂದೆ.

ಹುಡುಗಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. “ಗೆದ್ಮೇಲೆ? ಮುಂದಿನ್ ವರ್ಷ ಯಾರ್ ಮೇಲೆ ಆಡಿದ್ರಿ?”

ಇಷ್ಟು ವರ್ಷ ಆ ಗೆಲುವನ್ನು ಜೋಪಾನವಾಗಿ ಇಟ್ಟುಕೊಂಡ ಮಾದೇವನಿಗೆ ಅದರ ಮುಂದಿನ ವರ್ಷ ಬೇಕಾಗುತ್ತದೆಂದು ಹೊಳೆದಿರಲಿಲ್ಲ. ಅವನ ಕೈ ಸುಮ್ಮನೆ ಹುಡುಗಿಯ ಜಡೆಯನ್ನು ಸವರುತ್ತಿತ್ತು. ರಸ್ತೆಯ ಕೊನೆಯಲ್ಲಿ ಬಸ್ಸು ಕಾಣಿಸಿಕೊಂಡಿತು.

“ಕೃಷ್ಣಗಿರಿಯವರ ಮೇಲೆ” ಅಂದೆ ನಾನು. ಎಲ್ಲಿಂದ ಬಂತೋ ನನಗೇ ತಿಳಿಯದು.

ಮಾದೇವ ನನ್ನನ್ನು ನೋಡಿದ. ನಿಧಾನವಾಗಿ ಅವನ ಮುಖ ಬಿಚ್ಚಿಕೊಂಡಿತು. “ಊಂ, ಕೃಷ್ಣಗಿರಿ! ಅವರ್ಗೊಬ್ಬ ಉದ್ದನೆ ಬೌಲರಿದ್ದ ಕಣಮ್ಮಿ, ತೆಂಗಿನ ಮರ ಇದ್ದಂಗೆ. ಓಡ್ಕಂಡ್ ಬಂದ ಅಂದ್ರೆ ನೆಲ ಅದುರೋದು.”

“ಚಿಕ್ಕಪ್ಪ ಅವನಿಗೆ ಹೆದರಲಿಲ್ಲ” ಅಂದೆ.

“ನಾಗಣ್ಣನಾ? ಅವತ್ತು ನಾಗಣ್ಣ ಔಟೇ ಆಗ್ಲಿಲ್ಲ. ಬೆಳಿಗ್ಗೆ ನಿಂತೋನು ನಿಂತೇ ಇದ್ದ...” ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗಿದ. ಹುಡುಗಿ ಕಿಟಕಿಯ ಪಕ್ಕದ ಸೀಟು ಹಿಡಿದಳು, ಮಾದೇವ ಕೋಲೂರಿಕೊಂಡು ಹತ್ತಿ ಅವಳ ಪಕ್ಕ ಕೂತ. ಬಸ್ಸು ಹೊರಟಾಗ ಅವಳು ಏನೋ ಕೇಳುತ್ತಿದ್ದಳು. ಅವನು ಎರಡೂ ಕೈಯೆತ್ತಿ ಮೈದಾನ ಎಷ್ಟು ದೊಡ್ಡದಿತ್ತೆಂದು ಅವಳಿಗೆ ತೋರಿಸುತ್ತಿದ್ದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಾನು ನಿಂತಿದ್ದೆ. ಆ ಪಂದ್ಯ ಇನ್ನೂ ನಡೆಯುತ್ತಿತ್ತು.